ಹದಿನೇಳನೆಯ ಸಾಲು

2005ರ ನವೆಂಬರ್ 12, ಶನಿವಾರ. ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಗುಂಡಮ್ಮ ಎಂಬ ಹೆಂಗಸು ಹೈದರಾಬಾದಿನ ಗುಂಡ್ಲಕುಂಟ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಳು. ಆ ವಾರ ಅವಳು ಬಂದದ್ದು ಎರಡನೆಯ ಸಲ.

ಇನ್‌ಸ್ಪೆಕ್ಟರ್ ನರಸಿಂಹ ಅವಳನ್ನು ಕಂಡ ಕೂಡಲೇ ಗುರುತಿಸಿದ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದಿದ್ದಳು. ನಾಚಾರಂ ಕಾರ್ಖಾನೆಗಳ ಸಾಲು ದಾಟಿದ ಮೇಲೆ ಸಿಗುವ ಔಷಧ ಪರೀಕ್ಷೆಯ ಕಂಪನಿಯಲ್ಲಿ ತನ್ನ ಗಂಡ ಮಲ್ಲಪ್ಪ ಐದು ದಿನದ ಗುಳಿಗೆ ನುಂಗಲು ಸೇರಿದ್ದಾನೆ, ವಾಂತಿ ನಿಲ್ಲುತ್ತಿಲ್ಲವೆಂದು ಯಾರದೋ ಫೋನಿನಿಂದ ಹೇಳಿದ್ದಾನೆ, ಗೇಟಿನವರು ತನ್ನನ್ನು ಒಳಗೆ ಬಿಡುತ್ತಿಲ್ಲ ಎಂದಿದ್ದಳು. ನರಸಿಂಹ ಆಗ ಬಂದೋಬಸ್ತಿನ ಮೀಟಿಂಗಿಗೆ ಹೊರಟಿದ್ದ. ಅವನು ನಾರಾಯಣಪೇಟೆಯ ಕಡೆಯವನು, ಮನೆಯ ಮಾತು ಕನ್ನಡ. ಸೇಡಂ ಕಡೆಯಿಂದ ಬಂದ ಈ ಹೆಂಗಸಿಗೆ ಅವಳ ಭಾಷೆಯಲ್ಲೇ ಸಮಾಧಾನ ಹೇಳಿದ್ದ. ಅಲ್ಲಿ ಡಾಕ್ಟರು ಇದ್ದಾರೆ, ನೋಡಿಕೊಳ್ಳುತ್ತಾರೆ, ಶನಿವಾರ ಬಿಡುಗಡೆಯಲ್ಲವೇ, ಬಿಡದಿದ್ದರೆ ಶನಿವಾರ ಬಾ ಎಂದಿದ್ದ. ಠಾಣೆಯ ದಿನಚರಿಯಲ್ಲಿ ಅವಳ ಹೆಸರು ಬರೆಸಿರಲಿಲ್ಲ.

ಈಗ ಅವಳು ಮೇಜಿನ ಮುಂದೆ ನಿಂತು ಸೆರಗಿನ ತುದಿ ಹಿಡಿದುಕೊಂಡು ಹೇಳಿದಳು:

"ಶನಿವಾರ ಬಾ ಅಂದಿದ್ರಿ ಸಾಹೇಬ್ರ. ಬಂದೀನಿ. ಅಂವ ಮುಂಜಾನಿ ಒಂಬತ್ತಕ್ಕ ಸತ್ತ."

ನರಸಿಂಹನಿಗೆ ಕುಳಿತ ಕುರ್ಚಿ ಮುಳ್ಳಾಯಿತು. ಅವಳಿಗೆ ಕುರ್ಚಿ ಕೊಡಿಸಿ, ತಾನೇ ಎದ್ದು ನೀರು ತಂದು ಕೊಟ್ಟ. ಹೆಡ್ ಕಾನ್ಸ್‌ಟೇಬಲ್ ಯಾದಗಿರಿ ಅವಳು ಹೇಳಿದಂತೆ ದೂರು ಬರೆದುಕೊಂಡ. ಎರಡು ಗಂಟೆಗೆ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನಡಿ, ಅಂದರೆ ನಿರ್ಲಕ್ಷ್ಯದಿಂದ ಸಾವು ಎಂದು, ಎಫ್‌ಐಆರ್ ದಾಖಲಾಯಿತು.

ಮಲ್ಲಪ್ಪನಿಗೆ ಇಪ್ಪತ್ತೊಂಬತ್ತು ವರ್ಷ. ಮಾಧಾಪುರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಕಟ್ಟುವ ಕೆಲಸ. ಮುಂಗೈ ಉಳುಕಿ ಮನೆಯಲ್ಲಿ ಕೂತಿದ್ದಾಗ, ಮಲಗಿ ಗುಳಿಗೆ ನುಂಗಿದರೆ ಕೂಲಿ ಕೊಡುತ್ತಾರೆ ಎಂದು ಜೊತೆಯವನೊಬ್ಬ ಹೇಳಿದ್ದ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದರಂತೆ ನಾಲ್ಕು ಗುಳಿಗೆ ನುಂಗಿದ. ಶುಕ್ರವಾರ ಬೆಳಿಗ್ಗೆ ಎಚ್ಚರ ತಪ್ಪಿದ ಮೇಲೆ ಕಂಪನಿಯವರು ಖಾಸಗಿ ಆಸ್ಪತ್ರೆಗೆ ಸಾಗಿಸಿದ್ದರು.

ಮಧ್ಯಾಹ್ನ ಮೂರೂವರೆಗೆ ಆಸ್ಪತ್ರೆಯಲ್ಲಿ ಶವ ಪಂಚನಾಮೆ ನಡೆಯಿತು. ಮೈಮೇಲೆ ಗಾಯವಿರಲಿಲ್ಲ. ಕಣ್ಣುಗುಡ್ಡೆ, ಉಗುರಿನ ಬುಡ, ಅಂಗೈ ಎಲ್ಲ ಅರಿಸಿನ ಹಚ್ಚಿದಂತೆ ಹಳದಿಯಾಗಿದ್ದವು. ಮರಣೋತ್ತರ ಪರೀಕ್ಷೆ ಮಾಡಿದ ಸರ್ಕಾರಿ ವೈದ್ಯರು ಮರುದಿನ ಬೆಳಿಗ್ಗೆ ಬಾಯಿಮಾತಿನಲ್ಲಿ ತಮ್ಮ ಅಭಿಪ್ರಾಯ ತಿಳಿಸಿದರು. ಮಲ್ಲಪ್ಪನಿಗೆ ಮೊದಲೇ ಒಳಗೊಳಗೆ ಕಾಮಾಲೆ ಇತ್ತು. ಕಂಪನಿ ಕೊಟ್ಟ ಗುಳಿಗೆ ಲಿವರಿಗೆ ಭಾರವಾಗುವಂಥದ್ದು. ಆರೋಗ್ಯವಂತನಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಇವನಿಗೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಅರ್ಧದಲ್ಲೇ, ಎರಡು ಗುಳಿಗೆಗೇ ನಿಲ್ಲಿಸಿದ್ದರೆ ಉಳಿಯುತ್ತಿದ್ದನೇ ಎಂದು ನರಸಿಂಹ ಕೇಳಿದ. ಬಹುಶಃ ಉಳಿಯುತ್ತಿದ್ದ ಎಂದರು. ಗುರುವಾರ ಮಧ್ಯಾಹ್ನ ಆಸ್ಪತ್ರೆಗೆ ತಂದಿದ್ದರೆ ಎಂದು ಕೇಳಿದ. ವೈದ್ಯರು ಕೈಗವಸು ಬಿಚ್ಚುತ್ತ, ಅದನ್ನು ಹೇಳಲಾಗದು ಎಂದರು.

ಠಾಣೆಗೆ ಮರಳಿದವನೇ ನರಸಿಂಹ ಯಾದಗಿರಿಯನ್ನು ಕರೆದು, ಗುರುವಾರ ಹನ್ನೊಂದು ಗಂಟೆಗೆ ದೂರುದಾರಳು ಬಂದಿದ್ದಳು, ಇನ್‌ಸ್ಪೆಕ್ಟರು ದೂರು ತೆಗೆದುಕೊಳ್ಳದೆ ಕಳುಹಿಸಿದರು ಎಂದು ಕೇಸ್ ಡೈರಿಯಲ್ಲಿ ಬರೆಯಲು ಹೇಳಿದ. ಯಾದಗಿರಿ ಹದಿನೆಂಟು ವರ್ಷ ಸರ್ವಿಸಿನವನು. ಇದನ್ನು ಯಾರೂ ಕೇಳುವುದಿಲ್ಲ, ಆ ಹೆಂಗಸೂ ದೂರಿನಲ್ಲಿ ಬರೆಸಿಲ್ಲ ಎಂದು ತೆಲುಗಿನಲ್ಲಿ ಮೆಲ್ಲಗೆ ನೆನಪಿಸಿದ.

"ನಾ ಕೇಳಲಿಲ್ಲ ಅಂತನ ಬರೀಬೇಕು. ಬರೀರಿ," ಎಂದ ನರಸಿಂಹ. ಅದರ ಒಂದು ಪ್ರತಿಯನ್ನು ಎಸಿಪಿ ಕಚೇರಿಗೂ ಕಳುಹಿಸಿದ. ಮನಸ್ಸು ಅದರಿಂದೇನೂ ಹಗುರಾಗಲಿಲ್ಲ.

ಭಾನುವಾರ 13ರ ಹನ್ನೆರಡು ಗಂಟೆಗೆ ಸುಚರಿತ ಕ್ಲಿನಿಕಲ್ ಸರ್ವಿಸಸ್ ಎಂಬ ಆ ಕಂಪನಿಯಲ್ಲಿ ತನಿಖೆ ಶುರುವಾಯಿತು. ಕಾಗದಪತ್ರ ತಂದು ಮುಂದಿಟ್ಟವರು ಗುಣಮಟ್ಟ ವಿಭಾಗದ ಮ್ಯಾನೇಜರ್ ರಾಮದಾಸ. ಐವತ್ತಾರರ ವಯಸ್ಸು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು ಹೈದರಾಬಾದಿಗೆ ಬಂದವರು. ಇನ್‌ಸ್ಪೆಕ್ಟರು ಕನ್ನಡದವರೆಂದು ತಿಳಿದಾಗ ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಬೇಕಾದ ಪ್ರತಿಯೊಂದು ಕಾಗದವನ್ನೂ ಕೇಳುವ ಮೊದಲೇ ಹುಡುಕಿಟ್ಟಿದ್ದರು.

ಮುಖ್ಯವಾದ ಕಾಗದ ಒಂದೇ ಹಾಳೆಯದು. ಆಯ್ಕೆ ಪಟ್ಟಿ. ಇಪ್ಪತ್ತನಾಲ್ಕು ಜನರ ಹೆಸರು, ಪ್ರತಿ ಹೆಸರಿನ ಮುಂದೆ ರಕ್ತ ಪರೀಕ್ಷೆಯ ಅಂಕಿಗಳು. ಹದಿನೇಳನೆಯ ಸಾಲಿನಲ್ಲಿ ಮಲ್ಲಪ್ಪ. ಲಿವರಿನ ಪರೀಕ್ಷೆಯ ಅಂಕಿ 32. ನಲವತ್ತರ ಒಳಗಿದ್ದರೆ ಸರಿ. ಈ ಹಾಳೆ ನೋಡಿಯೇ ಕಂಪನಿಯ ಡಾಕ್ಟರು ಭಾನುವಾರ 6ರಂದು ಸಹಿ ಹಾಕಿದ್ದರು.

ಲಿವರಿನ ತುಂಬ ಕಾಯಿಲೆ ಇದ್ದವನ ರಕ್ತ 32 ತೋರಿಸುವುದು ಹೇಗೆ? ಪ್ರಯೋಗಾಲಯದ ಹುಡುಗ ಋಷಭ್ ತನಗೇನೂ ನೆನಪಿಲ್ಲ ಎಂದ. ಯಂತ್ರ ಕೊಟ್ಟ ಅಂಕಿಗಳನ್ನು ತನ್ನ ಎಕ್ಸೆಲ್ ಫೈಲಿಗೆ ತುಂಬುವುದಷ್ಟೇ ಅವನ ಕೆಲಸ. ಆ ಫೈಲು ಈಗ ಇಲ್ಲ. ಮಂಗಳವಾರ ವೈರಸ್ ಬಂದು ಅಳಿಸಿಹೋಯಿತು ಎಂದು ರಾಮದಾಸ ಸಾರ್ ಹೇಳಿದ್ದರು. ಯಂತ್ರದಿಂದ ಕಾಗದವೇನೂ ಬರುವುದಿಲ್ಲವೇ ಎಂದು ನರಸಿಂಹ ಕೇಳಿದ. ಬಸ್ ಟಿಕೆಟಿನಂಥ ಪಟ್ಟಿ ಬರುತ್ತದೆ, ಅದನ್ನು ರಟ್ಟಿನ ಡಬ್ಬಕ್ಕೆ ಎಸೆಯುತ್ತೇವೆ ಎಂದ ಋಷಭ್.

ಡಬ್ಬವನ್ನು ನೆಲದ ಮೇಲೆ ಸುರಿದು, ಮಹಿಳಾ ಕಾನ್ಸ್‌ಟೇಬಲ್ ಶಾಮಲಾ ಮತ್ತು ಯಾದಗಿರಿ ಒಂದೂವರೆ ಗಂಟೆ ಹುಡುಕಿದರು. ನವೆಂಬರ್ 5ರ ಪಟ್ಟಿ ಸಿಕ್ಕಿತು. ಅಕ್ಷರ ಮಾಸಿದ್ದರೂ ಓದಬಹುದಿತ್ತು. ಮಾದರಿ ಸಂಖ್ಯೆ 17: ಅಂಕಿ 310.

ಹಾಗಾದರೆ ಯಂತ್ರ ಸರಿಯಾಗಿಯೇ ಹೇಳಿತ್ತು. 310 ಎಲ್ಲಿ 32 ಆಯಿತು ಎಂಬುದು ಉಳಿದ ಪ್ರಶ್ನೆ. ಅದಕ್ಕೆ ಉತ್ತರದ ತುದಿ ಸಿಕ್ಕಿದ್ದು ಯಾದಗಿರಿಯ ಬೆರಳಿಗೆ. ಅಕ್ಟೋಬರಿನಲ್ಲಿ ಬೇರೊಂದು ಗುಂಪಿಗೆ ಬೇರೊಂದು ಔಷಧ ಕೊಟ್ಟಿದ್ದರು. ಆ ಪಟ್ಟಿಯೂ ಅದೇ ಕಡತದಲ್ಲಿತ್ತು. ಯಾದಗಿರಿ ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳು ಜಾರಿಸುತ್ತ ಬಂದವನು ತಟ್ಟನೆ ನಿಲ್ಲಿಸಿ ಇನ್‌ಸ್ಪೆಕ್ಟರನ್ನು ಕರೆದ. ಹೆಸರುಗಳು ಬೇರೆ. ಅಂಕಿಗಳು ಮೊದಲ ಸಾಲಿನಿಂದ ಇಪ್ಪತ್ತನಾಲ್ಕನೆಯ ಸಾಲಿನವರೆಗೆ ಅವೇ. ಹೊಸ ಜನರ ಹೆಸರಿನ ಮುಂದೆ ಹಳೆಯ ಜನರ ರಕ್ತ ಬರೆದಿತ್ತು.

ಪಟ್ಟಿ ತಯಾರಿಸಿದವಳು ಸಿಂಚನಾ. ಮೈಸೂರಿನವಳು, ಇಪ್ಪತ್ತಮೂರು ವರ್ಷ, ಕೆಲಸಕ್ಕೆ ಸೇರಿ ಏಳು ತಿಂಗಳು. ಎರಡು ಹಾಳೆಗಳನ್ನು ಶಾಮಲಾ ಅವಳ ಮುಂದಿಟ್ಟಳು. ಅವಳು ಒಂದು ನಿಮಿಷ ನೋಡಿದಳು, ಆಮೇಲೆ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು.

"ನಾನೇ ಸಾರ್. ನಾನೇ ಸಾಯ್ಸಿದ್ದು."

ಅತ್ತು ಮುಗಿಸಲು ಬಿಟ್ಟು, ನಡೆದದ್ದನ್ನು ಹೇಳಿಸಿದರು. ಪ್ರತಿ ಸಲ ಪಟ್ಟಿಯನ್ನು ಹೊಸದಾಗಿ ಮಾಡುವುದಿಲ್ಲ. ಹಿಂದಿನ ತಿಂಗಳ ಫೈಲಿನ ನಕಲು ತೆಗೆದು ಹೆಸರು ಬದಲಾಯಿಸುತ್ತಾರೆ. ಅಂಕಿಗಳನ್ನು ಯಾರೂ ಕೈಯಿಂದ ತುಂಬುವುದಿಲ್ಲ. ಪಟ್ಟಿಯ ಫೈಲಿಗೂ ಋಷಭನ ಫೈಲಿಗೂ ಲಿಂಕ್ ಇರುತ್ತದೆ, ಅಲ್ಲಿಂದ ಇಲ್ಲಿಗೆ ತಾವೇ ಬರುತ್ತವೆ. ಲಿಂಕನ್ನು ಹೊಸ ತಿಂಗಳ ಫೈಲಿಗೆ ತಿರುಗಿಸಿದ್ದು ಅವಳೇ, ಆದರೆ ಆಗ ಅಲ್ಲಿ ಅಂಕಿ ತುಂಬಿರಲಿಲ್ಲ, ಹಳೆಯವೇ ನಿಂತವು. ಭಾನುವಾರ ಮುದ್ರಿಸಲು ಪಟ್ಟಿ ತೆರೆದಾಗ, ಹೊಸ ಅಂಕಿಗಳನ್ನು ತರಲೇ ಎಂದು ಕಂಪ್ಯೂಟರ್ ಕೇಳಿತು. ಬೇಡ ಎಂದು ಒತ್ತಿದಳು. ಬೇಡ ಎಂದರೆ ಮೊದಲು ಇದ್ದದ್ದೇ ಉಳಿಯುತ್ತದೆ.

ಬೇಡ ಎಂದು ಏಕೆ ಒತ್ತಿದೆ ಎಂದು ಕೇಳಿದಾಗ ಅವಳು ತನ್ನ ಮಾನಿಟರಿನ ಅಂಚು ತೋರಿಸಿದಳು. ಅಲ್ಲಿ ಅಂಟಿಸಿದ ಹಳದಿ ಚೀಟಿಯಲ್ಲಿ, ಲಿಂಕ್ ಬಗ್ಗೆ ಕೇಳಿದರೆ 'ಬೇಡ' ಒತ್ತಬೇಕು ಎಂದು ಬರೆದಿತ್ತು. ಅವಳು ಕೆಲಸಕ್ಕೆ ಸೇರುವ ಮೊದಲಿನಿಂದ ಅದು ಅಲ್ಲೇ ಇತ್ತಂತೆ.

ಆ ಸಂಜೆ ನರಸಿಂಹನಿಗೆ ಪ್ರಕರಣ ಮುಗಿದಂತೆಯೇ ಕಂಡಿತು. ನಿರ್ಲಕ್ಷ್ಯ, ಆರೋಪಿ ಸಿಂಚನಾ. ಅವಳು ತಪ್ಪೊಪ್ಪಿಕೊಂಡಿದ್ದಳು, ಕಾಗದ ಅದನ್ನೇ ಹೇಳುತ್ತಿತ್ತು. ಆದರೂ ಶೀಘ್ರವಾಗಿ ಮುಗಿಸಿಬಿಡುವ ಆಸೆ ತನ್ನಲ್ಲಿ ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿತ್ತು. ಬೇಗ ಒಬ್ಬರು ಸಿಕ್ಕರೆ, ಗುರುವಾರದ ಬಗ್ಗೆ ಅಷ್ಟು ಬೇಗ ಯೋಚಿಸುವುದು ತಪ್ಪುತ್ತದೆ. ಹಾಗಾಗಿ ಕಂಪ್ಯೂಟರಿನ ಪಂಚನಾಮೆ ಆಗುವವರೆಗೆ ಯಾರನ್ನೂ ದಸ್ತಗಿರಿ ಮಾಡಕೂಡದೆಂದು ನಿರ್ಧರಿಸಿದ. ಕೋಣೆಗೆ ಬೀಗ ಹಾಕಿ ಮೊಹರು ಮಾಡಿ, ಕಾವಲಿಗೆ ಒಬ್ಬನನ್ನು ಕೂರಿಸಿದರು.

ಸೋಮವಾರ 14, ಬೆಳಿಗ್ಗೆ ಹತ್ತೂವರೆ. ಪಂಚರಾಗಿ ಪಕ್ಕದ ಬೋಲ್ಟ್ ಕಾರ್ಖಾನೆಯ ಸ್ಟೋರ್‌ಕೀಪರ್ ಅಮೃತಪ್ಪ ಮತ್ತು ಎದುರಿನ ಚಹಾ ಅಂಗಡಿಯ ಸೋಮಣ್ಣ ಬಂದರು. ಸಿಂಚನಾ ಶಾಮಲಾಳ ಪಕ್ಕ ಕುಳಿತಿದ್ದಳು. ರಾತ್ರಿ ನಿದ್ದೆ ಮಾಡಿದವಳಂತೆ ಕಾಣುತ್ತಿರಲಿಲ್ಲ. ಮೊದಲು ಕಂಪ್ಯೂಟರಿನ ಗಡಿಯಾರವನ್ನು ಕೈಗಡಿಯಾರಕ್ಕೆ ತಾಳೆ ನೋಡಿ, ನಾಲ್ಕು ನಿಮಿಷ ಮುಂದಿದೆ ಎಂದು ಬರೆದುಕೊಂಡರು. ಆಮೇಲೆ ಯಾದಗಿರಿ ಪಟ್ಟಿಯ ಫೈಲು ತೆರೆದ. ತೆರೆಯುತ್ತಲೇ ಪರದೆಯ ನಡುವೆ ಅದೇ ಪ್ರಶ್ನೆ ಮೂಡಿತು. ಹೊಸ ಅಂಕಿಗಳನ್ನು ತರಲೇ? ಯಾದಗಿರಿಯ ಬೆರಳು 'ಹೌದು' ಎಂಬಲ್ಲಿಗೆ ಹೋಯಿತು.

ಸಿಂಚನಾ ಎದ್ದು ಅವನ ಮಣಿಕಟ್ಟು ಹಿಡಿದೇಬಿಟ್ಟಳು.

"ಒತ್ತಬೇಡಿ. ಹೌದು ಅಂದ್ರೆ ಈಗ ಇರೋ ಅಂಕಿ ಹೋಗ್ಬಿಡುತ್ತೆ. ಮೊದಲು ನಕಲು ತೆಗೀರಿ. ಮೂಲ ಫೈಲನ್ನ ಮುಟ್ಟಬೇಡಿ."

ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ಕಾಪಾಡುತ್ತಿದ್ದಾಳೆ ಎಂಬ ಎಚ್ಚರ ಅವಳಿಗೆ ಇದ್ದಂತಿರಲಿಲ್ಲ. ನರಸಿಂಹ ಅವಳ ಮಾತಿನಂತೆಯೇ ನಡೆದ. ಏನೂ ಒತ್ತದೆ ಪ್ರಶ್ನೆಯನ್ನು ಮುಚ್ಚಿಸಿದ. ಫೈಲನ್ನು ಎರಡು ಸಿ.ಡಿ.ಗಳಿಗೆ ನಕಲು ಮಾಡಿಸಿ, ಒಂದನ್ನು ಲಕೋಟೆಯಲ್ಲಿಟ್ಟು ಅರಗಿನ ಮೊಹರು ಹಾಕಿಸಿ, ಪಂಚರ ಸಹಿ ಪಡೆದ. ಇನ್ನೊಂದನ್ನು ಠಾಣೆಯಿಂದ ತಂದಿದ್ದ ಕಂಪ್ಯೂಟರಿಗೆ ಹಾಕಿ, ಲಿಂಕ್ ಎಲ್ಲಿಂದ ಬರುತ್ತದೆ ತೋರಿಸು ಎಂದು ಅವಳಿಗೇ ಹೇಳಿದ.

ಅವಳು ಲಿಂಕುಗಳ ವಿವರ ತೆರೆದಳು. ಯಾವ ಕಂಪ್ಯೂಟರಿನ ಯಾವ ಫೋಲ್ಡರಿನ ಯಾವ ಫೈಲಿನಿಂದ ಅಂಕಿ ಬರಬೇಕು ಎಂಬ ವಿಳಾಸ ಅಲ್ಲಿರುತ್ತದೆ. ಓದಿದಳು. ಮತ್ತೊಮ್ಮೆ ಓದಿದಳು.

"ಇದು ನಾನು ಕೊಟ್ಟಿದ್ದ ದಾರಿ ಅಲ್ಲ ಸಾರ್."

ಲಿಂಕ್ ಇರಬೇಕಾದದ್ದು ಋಷಭನ ಫೈಲಿಗೆ. ಇದ್ದದ್ದು ರಾಮದಾಸರ ಕೋಣೆಯ ಕಂಪ್ಯೂಟರಿನ ಒಂದು ಫೈಲಿಗೆ. ಪಟ್ಟಿಯನ್ನು ಕೊನೆಯ ಸಲ ಉಳಿಸಿದ ಸಮಯ ಮಂಗಳವಾರ ನವೆಂಬರ್ 8, ಸಂಜೆ 6.40. ಗೇಟಿನ ರಿಜಿಸ್ಟರ್ ತರಿಸಿದರು. ಮಂಗಳವಾರ ಸಿಂಚನಾ ರಜೆ. ಅಕ್ಕನ ನಿಶ್ಚಿತಾರ್ಥಕ್ಕೆ ಸೀರೆ ತರಲು ಸುಲ್ತಾನ್ ಬಜಾರಿಗೆ ಹೋಗಿದ್ದಳು. ರಾಮದಾಸ ಅಂದು ಹೊರಬಿದ್ದದ್ದು 7.05ಕ್ಕೆ.

ಮಧ್ಯಾಹ್ನ ಹನ್ನೆರಡೂಕಾಲಿಗೆ ರಾಮದಾಸರ ಕೋಣೆಯಲ್ಲಿ ಎರಡನೆಯ ಪಂಚನಾಮೆ. ಫೈಲು ಅಲ್ಲೇ ಇತ್ತು, ಬಚ್ಚಿಟ್ಟಿರಲೂ ಇಲ್ಲ. ಅಕ್ಟೋಬರಿನ ಪ್ರಯೋಗಾಲಯದ ಫೈಲಿನ ನಕಲು. ಅದರಲ್ಲಿ ಹೆಸರುಗಳನ್ನು ಮಾತ್ರ ನವೆಂಬರಿನವಕ್ಕೆ ಬದಲಾಯಿಸಲಾಗಿತ್ತು. ಹುಟ್ಟಿದ ಸಮಯ ಮಂಗಳವಾರ ಸಂಜೆ 6.22. ಇನ್ನು ಪಟ್ಟಿಯನ್ನು ಯಾರು ತೆರೆದು 'ಹೌದು' ಒತ್ತಿದರೂ ಬರುವ ಅಂಕಿ 32 ಮಾತ್ರ.

ರಾಮದಾಸ ಕಿಟಕಿಯ ಬಳಿ ನಿಂತಿದ್ದರು. ನರಸಿಂಹ ಬಾಗಿಲು ಮುಚ್ಚಿಸಿದ.

"ಈ ಫೈಲು ಮಾಡಿದವರು ಯಾರ್ರಿ?"

"ನಾನೇ."

"ಮಂಗಳವಾರ 310 ಕಂಡಿತ್ತೇನು?"

"ಕಂಡಿತ್ತು. ವರದಿ ಬರೆಯೋಕೆ ಪಟ್ಟಿ ತೆರೆದೆ. ನಾನು ಯಾವಾಗಲೂ ಹೌದು ಅಂತ್ಲೇ ಒತ್ತೋದು. ಎಲ್ಲಾ ಅಂಕಿನೂ ಬದಲಾಯ್ತು. ಹದಿನೇಳು ಕೆಂಪಾಯ್ತು."

"ಆ ಹೊತ್ತಿಗೆ ಮಲ್ಲಪ್ಪ ಎಷ್ಟು ಗುಳಿಗಿ ನುಂಗಿದ್ದ?"

"ಎರಡು."

"ಆಮ್ಯಾಲ?"

"ಎರಡು."

"ಡಾಕ್ಟರಿಗೆ ಹೇಳಿದ್ರೇನು?"

ರಾಮದಾಸ ಇಲ್ಲವೆಂದು ತಲೆಯಾಡಿಸಿದರು.

ಋಷಭನ ಫೈಲನ್ನು ಅಳಿಸಿದ್ದು ವೈರಸ್ ಅಲ್ಲ, ಅವರೇ. ಹಳದಿ ಚೀಟಿಯೂ ಅವರ ಕೈಬರಹವೇ. ಎರಡು ವರ್ಷದ ಹಿಂದೆ ಅಂಟಿಸಿದ್ದು, ಮುಗಿದುಹೋದ ಪರೀಕ್ಷೆಗಳ ಫೈಲಿಗೆಂದು. ಮುಗಿದ ಲೆಕ್ಕದ ಅಂಕಿ ಯಾರೋ ತೆರೆದ ಮಾತ್ರಕ್ಕೆ ಬದಲಾಗಬಾರದು ಎಂಬುದು ಅವರ ಕಾಳಜಿ. ಮುಗಿದವಕ್ಕೆ ಮಾತ್ರ ಎಂಬ ಮಾತನ್ನು ಬರೆಯಲು ಮರೆತಿದ್ದರು. ಹೊಸಬಳಿಗೆ ಹೇಳಲೂ ಇಲ್ಲ.

ಸಂಜೆ 4.10ಕ್ಕೆ ಕಾರಣ ತಿಳಿಸಿ ರಾಮದಾಸರನ್ನು ದಸ್ತಗಿರಿ ಮಾಡಲಾಯಿತು. 304-ಎ ಕಲಮನ್ನು ತೆಗೆದು, ತಿಳಿದೂ ಸಾವು ತಂದದ್ದಕ್ಕೆ 304, ಸಾಕ್ಷ್ಯ ನಾಶಕ್ಕೆ 201, ಸುಳ್ಳು ದಾಖಲೆಗೆ 465 ಸೇರಿಸುವ ವರದಿ ನ್ಯಾಯಾಲಯಕ್ಕೆ ಹೋಯಿತು. ಹೇಳಿಕೆ ಬರೆಯುವಾಗ ರಾಮದಾಸ ಕೇಳಿದ್ದು ಒಂದೇ. ಹುಡುಗಿಯನ್ನು ಆರೋಪಿ ಮಾಡಬೇಡಿ ಎಂದರು. ಅದನ್ನು ನ್ಯಾಯಾಲಯ ನೋಡುತ್ತದೆ ಎಂದ ನರಸಿಂಹ, ಅವಳ ಹೆಸರನ್ನು ಸಾಕ್ಷಿಗಳ ಪಟ್ಟಿಯಲ್ಲಿ ಬರೆದ. ಅದನ್ನು ತಿಳಿಸಿದಾಗ ಸಿಂಚನಾ ನೆಮ್ಮದಿಪಡಲಿಲ್ಲ. ಬೇಡ ಅಂತ ಒತ್ತಿದ್ದು ನಾನೇ ಅಲ್ವಾ ಎಂದಳು.

ರಾಮದಾಸರ ಹೆಂಡತಿ ವತ್ಸಲಾ ಮರುದಿನ ಬೆಳಿಗ್ಗೆ ಠಾಣೆಗೆ ಬಂದು ಹೇಳಿಕೆ ಕೊಟ್ಟರು. 1991ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ರಾಮದಾಸರು ಒಂದು ಬ್ಯಾಚಿನ ಬಿಡಿಭಾಗಗಳನ್ನು ಅಳೆಯುವಾಗ ತಪ್ಪು ಮಾಡಿ, ಯಾರಿಗೂ ಗೊತ್ತಾಗುವ ಮೊದಲೇ ತಾವೇ ಹೋಗಿ ಹೇಳಿಕೊಂಡಿದ್ದರು. ಬಿಡಿಭಾಗಗಳನ್ನು ವಾಪಸು ತರಿಸಿದರು, ಯಾರಿಗೂ ಏನೂ ಆಗಲಿಲ್ಲ. ಅವರನ್ನು ಮಾತ್ರ ಎರಡು ವರ್ಷ ಅಮಾನತಿನಲ್ಲಿಟ್ಟರು. ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದವರು ಮಾತು ಬಿಟ್ಟರು. ಮತ್ತೆ ಕೆಲಸಕ್ಕೆ ತೆಗೆದುಕೊಂಡ ಮೇಲೂ ಊಟದ ಮೇಜಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಈ ಸಲದ್ದನ್ನು ಹೆಂಡತಿಗೆ ಬುಧವಾರ ಹೇಳಿದ್ದರು. ನಾಳೆ ಹೋಗಿ ಹೇಳಿಬಿಡಿ ಎಂದು ಆಕೆ ಅಂದಿದ್ದರು. ಗುರುವಾರ ಡಾಕ್ಟರ ಕೋಣೆಯ ಬಾಗಿಲವರೆಗೆ ಹೋದರಂತೆ. ಡಾಕ್ಟರು ಫೋನಿನಲ್ಲಿದ್ದರು. ಹಿಂತಿರುಗಿದರು. ವಾರ್ಡಿಗೆ ಹೋಗಿ ಮಲ್ಲಪ್ಪನ ಮಂಚದ ಬಳಿ ಕುಳಿತು, ಹಣೆ ಮುಟ್ಟಿ, ಊಟ ಸೇರಿತೇ ಎಂದು ಕನ್ನಡದಲ್ಲಿ ವಿಚಾರಿಸಿದ್ದನ್ನು ನರ್ಸ್ ನೋಡಿದ್ದಳು. ನಮ್ಮ ಕಡೆಯವರು ಒಬ್ಬರಾದರೂ ಇದ್ದೀರಲ್ಲ ಎಂದು ಮಲ್ಲಪ್ಪ ಖುಷಿಪಟ್ಟಿದ್ದನಂತೆ.

ಮಂಗಳವಾರ 15ರಂದು ಹತ್ತು ಗಂಟೆಗೆ ರಾಮದಾಸರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹೊರಟಿತು. ಹಬ್ಸಿಗುಡಾದ ಹತ್ತಿರ ಫ್ಲೈಓವರಿನ ಕೆಲಸಕ್ಕೆ ರಸ್ತೆ ಅಗೆದಿದ್ದರು, ವಾಹನಗಳು ನಿಂತುಬಿಟ್ಟಿದ್ದವು. ನರಸಿಂಹ ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದ:

"ಬುಧವಾರ ಹೇಳಿದ್ರ ಏನಾಗ್ತಿತ್ರಿ ನಿಮಗ?"

ರಾಮದಾಸ ಯೋಚಿಸಿದರು. ಆ ಪ್ರಶ್ನೆಯನ್ನು ತಮಗೆ ತಾವು ಈವರೆಗೆ ಕೇಳಿಕೊಂಡಿರಲಿಲ್ಲವೇನೋ ಎಂಬಂತೆ ನಿಧಾನವಾಗಿ ಲೆಕ್ಕ ಹಾಕಿದರು.

"ಕೆಲಸ ಹೋಗ್ತಿತ್ತು ಸಾರ್," ಎಂದರು. "ಅಷ್ಟೇ."

ಮುಂದಿನ ಲಾರಿ ಕದಲಿತು. ಯಾದಗಿರಿ ಗೇರ್ ಬದಲಾಯಿಸಿದ. ನ್ಯಾಯಾಲಯದ ಆವರಣ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.